ಮಣ್ಣು ಮಲಗುವ ದಿನ

ಕರಿಬಂಡೆ ಗುಡ್ಡದ ಕೆಳಗೆ ಸೀಗೇಕೆರೆ ಅಂತ ಒಂದು ಕೆರೆ ಇದೆ. ಯಾವ ಕಾಲದಲ್ಲೋ ಮನುಷ್ಯರು ಕಟ್ಟಿ, ಆಮೇಲೆ ಮರೆತುಬಿಟ್ಟ ಕೆರೆ. ಮರೆತದ್ದು ಒಳ್ಳೆಯದೇ ಆಯಿತು ಮಕ್ಕಳೇ. ಈಗ ಅಲ್ಲಿ ಕರಡಿ, ಮೊಲ, ಮುಳ್ಳುಹಂದಿ, ಚಿಪ್ಪುಹಂದಿ ಎಲ್ಲವೂ ಸಂಸಾರ ಹೂಡಿಕೊಂಡು ಸುಖವಾಗಿವೆ. ಅವುಗಳ ಗವಿ, ಬಿಲ ಹೆಚ್ಚಾಗಿ ಇರುವುದು ಕೆರೆ ಏರಿಯ ಕೆಳಗೆ, ತಂಪಾದ ಜಾಗದಲ್ಲಿ.

ಆ ಏರಿಯ ಹೊರಮೈಯಲ್ಲಿ ಒಂದು ತೂಬು ಇದೆ. ತೂಬು ಅಂದರೆ ಕೆರೆಯ ನೀರು ಹೊರಗೆ ಹೋಗುವ ಕಿಂಡಿ. ಅದರ ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಿದೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ದಿನ ಒಬ್ಬರು ಆ ಕಲ್ಲನ್ನು ಎತ್ತಿ ಹಿಡಿಯಬೇಕು. ಇನ್ನೊಬ್ಬರು ಅದರಡಿ ನುಗ್ಗಿ, ಬೇಸಿಗೆಯಲ್ಲಿ ಕಟ್ಟಿಕೊಂಡ ಹೂಳು ಕೆರೆದು, ಕಲ್ಲು ಮತ್ತೆ ಬೀಳದ ಹಾಗೆ ಒಂದು ಒತ್ತುಗಲ್ಲು ಸಿಕ್ಕಿಸಬೇಕು. ಇಷ್ಟಕ್ಕೆ ಮೂವತ್ತು ಎಣಿಸುವಷ್ಟು ಹೊತ್ತು ಹಿಡಿಯುತ್ತದೆ. ಇಷ್ಟಾದರೆ ನೀರು ಸಲೀಸಾಗಿ ಹಳ್ಳಕ್ಕೆ ಹರಿಯುತ್ತದೆ. ಆಗದಿದ್ದರೆ ಕೆರೆ ಉಕ್ಕಿ, ಏರಿ ಕೊಚ್ಚಿಕೊಂಡು, ಕೆಳಗಿನ ಸಂಸಾರಗಳ ಮೇಲೆ ಬೀಳುತ್ತದೆ.

ಕಲ್ಲು ಎತ್ತಿ ಹಿಡಿಯುವವನಿಗೆ ತೂಬುಗಾರ ಅಂತ ಹೆಸರು. ಅವನು ನೀರಿಗೆ ಬಂದರೆ ಮುಳ್ಳುಹಂದಿ ಕೂಡ ಮುಳ್ಳು ಮಡಚಿಕೊಂಡು ದಾರಿ ಬಿಡುತ್ತಿತ್ತು.

ಹನ್ನೆರಡು ಮಳೆಗಾಲ ತೂಬುಗಾರನಾಗಿದ್ದವನು ಒಬ್ಬ ಕರಡಿ. ಹೋದ ಚಳಿಗಾಲದಲ್ಲಿ ವಯಸ್ಸಾಗಿ ತೀರಿಕೊಂಡ. ಅವನ ಮಗ ಜಡಿಯ. ಮೈತುಂಬ ಜಡೆಗಟ್ಟಿದ ಕೂದಲು, ಅಗಲ ಎದೆ, ದಪ್ಪ ತೋಳು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ತಾನು ನಿಲ್ಲಬೇಕು ಅನ್ನುವುದು ಜಡಿಯನ ಆಸೆ. ಆಸೆ ಒಳ್ಳೆಯದೇ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಕೂತಿತ್ತು. ಅದರ ಹೆಸರು ಹೊಟ್ಟೆಕಿಚ್ಚು.

ಹೊಟ್ಟೆಕಿಚ್ಚು ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪಕ್ಕದ ಬೆಂಚಿನವನಿಗೆ ನಿಮಗಿಂತ ಎರಡು ಮಾರ್ಕು ಹೆಚ್ಚು ಬಂದಾಗ ಹೊಟ್ಟೆಯೊಳಗೆ ಚುರ್ ಅನ್ನುತ್ತದಲ್ಲ, ಅದೇ. ನನಗೂ ಅನ್ನುತ್ತದೆ, ಈ ವಯಸ್ಸಿನಲ್ಲೂ. ಚುರ್ ಅಂದದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಅದಕ್ಕೆ ಸೌದೆ ಹಾಕುತ್ತ ಕೂರುತ್ತಾರಲ್ಲ, ಅವರನ್ನು ಬೈಯುತ್ತೇನೆ.

ಇರಲಿ, ಕತೆಗೆ ಬರೋಣ. ಹೊಸ ತೂಬುಗಾರನನ್ನು ತಯಾರು ಮಾಡಲು ಶಿವರಾತ್ರಿ ಕಳೆದ ಮೇಲೆ ದೊಡ್ಡ ಆಲದ ಮರದ ಕೆಳಗೆ ಗರಡಿ ಶುರುವಾಯಿತು. ಗರಡಿಯ ಗುರು ಉಡಜ್ಜಿ. ಉಡದ ಪಟ್ಟು ಅನ್ನುವ ಮಾತು ನೀವು ಕೇಳಿರಬೇಕು. ಉಡ ಒಮ್ಮೆ ಹಿಡಿದರೆ ಬಿಡುವುದಿಲ್ಲ. ತೂಬಿನ ಕಲ್ಲಿನಡಿ ನುಗ್ಗಿ ಹೂಳು ಕೆರೆಯುವವಳೂ ಉಡಜ್ಜಿಯೇ. ಆದ್ದರಿಂದ ಕಲ್ಲು ಹಿಡಿಯುವವನ ಬಲ ಎಷ್ಟು ಅನ್ನುವುದು ಅವಳಿಗೆ ಬರೀ ಪಾಠವಲ್ಲ, ಅವಳ ಪ್ರಾಣದ ಮಾತು.

ಗರಡಿಯಲ್ಲಿ ಕೆಮ್ಮಣ್ಣು ಹಾಸಿದ ಅಂಕಣ ಇತ್ತು. ಅಂಕಣದಲ್ಲಿ ಮೂರು ಗುಂಡುಕಲ್ಲು: ಮರಿಗುಂಡು, ನಡುಗುಂಡು, ಹಿರಿಗುಂಡು. ಉಡಜ್ಜಿಯ ಕಟ್ಟಳೆ ಎರಡೇ.

ಮೊದಲನೆಯದು ಎಣಿಕೆ. ಬೆಳಿಗ್ಗೆ ಬಂದವರು ಗುಂಡು ಮುಟ್ಟುವ ಮೊದಲು ಆಲದ ಬಿಳಲು ಹಿಡಿದು ಜೋತಾಡಬೇಕು. ಉಡಜ್ಜಿ ಬಾಲದಿಂದ ನೆಲಕ್ಕೆ ತಟ್ಟುತ್ತ ಎಣಿಸುವಳು. ಎಣಿಕೆ ಎಂದಿಗಿಂತ ಐದು ಕಡಿಮೆಯಾದರೆ ಆ ದಿನ ಗುಂಡು ಇಲ್ಲ. "ಕೆರೇಲಿ ಮುಳುಗು, ಹೊಟ್ಟೆ ತುಂಬ ತಿನ್ನು, ಹೋಗಿ ಮಲಕ್ಕೋ" ಅನ್ನುವಳು.

ಎರಡನೆಯದು ಮಣ್ಣು ಮಲಗುವ ದಿನ. ಮೂರು ದಿನ ತುಳಿದ ಅಂಕಣದ ಮಣ್ಣನ್ನು ನಾಲ್ಕನೆಯ ದಿನ ಅಗೆದು, ನೀರು ಚಿಮುಕಿಸಿ, ಹಾಗೇ ಬಿಡಬೇಕು. ಆವತ್ತು ಅದರ ಮೇಲೆ ಒಂದು ಹೆಜ್ಜೆಯೂ ಬೀಳಕೂಡದು. "ಮಣ್ಣೂ ಮಲಗ್ಬೇಕು, ಮೈಯೂ ಮಲಗ್ಬೇಕು. ಗುಂಡು ಎತ್ತುವಾಗ ಮೈ ಒಡೆಯುತ್ತೆ ಕಣ್ರೋ, ಬೆಳೆಯೋದು ಮಲಗಿದಾಗ" ಅನ್ನುವುದು ಅವಳ ಮಾತು.

ಶಿಷ್ಯರು ಇಬ್ಬರು. ಒಬ್ಬ ಜಡಿಯ. ಇನ್ನೊಬ್ಬ ಗುಡ್ಡದ ಆಚೆ ಮಗ್ಗುಲಿನ ಕರಡಿ, ಗುಜ್ಜ. ಹೆಸರಿಗೆ ತಕ್ಕ ಹಾಗೆ ಗಿಡ್ಡ. ಮೊದಲ ದಿನವೇ ಜಡಿಯ ನಡುಗುಂಡನ್ನು ಎದೆಗೆ ಎತ್ತಿದ. ಗುಜ್ಜನಿಗೆ ಮರಿಗುಂಡೇ ಹೆಚ್ಚಾಯಿತು. ಜಡಿಯ ನಕ್ಕು, "ಬೆನ್ನು ಬಗ್ಗಿಸ್ಬೇಡ ಮಾರಾಯ, ಮಂಡಿ ಬಗ್ಗಿಸು" ಅಂತ ತಾನೇ ಹೇಳಿಕೊಟ್ಟ. ತನಗಿಂತ ಕೆಳಗಿದ್ದವರ ಮೇಲೆ ಪ್ರೀತಿ ತೋರಿಸುವುದು ಎಲ್ಲರಿಗೂ ಸುಲಭ.

ಗುಜ್ಜ ಮಂಡಿ ಬಗ್ಗಿಸಿದ. ದಿನಕ್ಕೆ ಇಷ್ಟು ಅಂದರೆ ಇಷ್ಟೇ ಎತ್ತಿದ. ಎಣಿಕೆ ಕಡಿಮೆ ಬಂದ ದಿನ "ಸರಿ ಅಜ್ಜಿ" ಅಂದು ಮನೆಗೆ ಹೋದ. ಮಣ್ಣು ಮಲಗುವ ದಿನ ತಾನೂ ಮಲಗಿದ. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಹಿರಿಗುಂಡನ್ನು ಅಪ್ಪಿ, ಎದೆಗೆ ತಂದು, ಮೂರು ಉಸಿರಿನಷ್ಟು ಹೊತ್ತು ಹಿಡಿದು, ಮೆಲ್ಲಗೆ ಇಳಿಸಿದ.

ಜಡಿಯ ಅದುವರೆಗೆ ಹಿರಿಗುಂಡನ್ನು ಮಂಡಿಯ ತನಕ ಮಾತ್ರ ಎತ್ತಿದ್ದ.

"ಭೇಷ್ ಗುಜ್ಜ" ಅಂದಳು ಉಡಜ್ಜಿ. ಅವಳು ಭೇಷ್ ಅಂದದ್ದು ಅದೇ ಮೊದಲು. ಜಡಿಯನ ಹೊಟ್ಟೆಯಲ್ಲಿ ಚುರ್ ಅಂದಿತು. ಚುರ್ ಅಂದ ಮೇಲೆ ಅವನು ಸೌದೆ ಹುಡುಕಲು ಹೊರಟ.

ಸೌದೆ ಕೊಡಲು ಹರಟೆಮಲ್ಲ ಸಿದ್ಧವಾಗಿಯೇ ಇತ್ತು. ಹರಟೆಮಲ್ಲ ಅಂದರೆ ಬೂದು ಬಣ್ಣದ ಹಕ್ಕಿ. ಬೆಳಗಿನಿಂದ ಸಂಜೆವರೆಗೆ ಅವರಿವರ ಮನೆ ಸುದ್ದಿ ಹೇಳದಿದ್ದರೆ ಅದಕ್ಕೆ ಕಾಳು ಅರಗುವುದಿಲ್ಲ.

"ಆ ಗುಜ್ಜ ಮನೇಲಿ ಏನ್ ಮಾಡ್ತಾನೆ?" ಅಂತ ಜಡಿಯ ಕೇಳಿದ.

"ಮಲಗ್ತಾನೆ."

"ಆಮೇಲೆ?"

"ಎದ್ದು ಬೋರೆಹಣ್ಣು ತಿಂತಾನೆ. ಗೆದ್ದಲು ತಿಂತಾನೆ. ಮತ್ತೆ ಮಲಗ್ತಾನೆ."

"ಮಲಗಿ ಎದ್ರೆ ಹಿರಿಗುಂಡು ಎದೆಗೆ ಬರುತ್ತಾ? ಯಾರಿಗೆ ಹೇಳ್ತೀಯ ಈ ಕತೆ? ಅವನು ಕದ್ದು ಸಾಧನೆ ಮಾಡ್ತಿದಾನೆ" ಅಂದ ಜಡಿಯ.

ಹರಟೆಮಲ್ಲನಿಗೆ ಇಲ್ಲ ಅನ್ನುವ ಅಭ್ಯಾಸವಿಲ್ಲ. "ಇದ್ರೂ ಇರಬಹುದಪ್ಪ. ನಾನು ಕಾಳು ತಿನ್ನೋಕೆ ಹೋದಾಗ ಏನ್ ಮಾಡ್ತಾನೋ ಯಾರಿಗ್ಗೊತ್ತು" ಅಂದಿತು.

ಸಾಕಾಯಿತು. ಮುಂದಿನ ಮಣ್ಣು ಮಲಗುವ ದಿನ ಜಡಿಯ ಗುಜ್ಜನ ಗವಿಯ ಎದುರಿನ ಲಂಟಾನ ಪೊದೆಯಲ್ಲಿ ಕೂತ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೈಯೆಲ್ಲ ಕಣ್ಣಾಗಿ ಕಾದ. ಗುಜ್ಜ ಮಲಗಿದ್ದ. ಮಧ್ಯಾಹ್ನ ಮಗ್ಗುಲು ಬದಲಿಸಿದ. ಮೂರು ಗಂಟೆಯ ಹೊತ್ತಿಗೆ ಆಕಳಿಸಿ, ಎದ್ದು ನೀರು ಕುಡಿದು ಬಂದು ಮತ್ತೆ ಮಲಗಿದ. ಜಡಿಯನಿಗೆ ಇರುವೆ ಕಚ್ಚಿ, ಬೆನ್ನು ಹಿಡಿದು, ಕಣ್ಣು ಉರಿ ಬಂತು. ಒಂದೇ ಒಂದು ಗಳಿಗೆ ತೂಕಡಿಸಿದ. ಎಚ್ಚರಾದಾಗ ಅವನಿಗೆ ಹೊಳೆದದ್ದು ಏನು ಗೊತ್ತೇ? "ನಾನು ತೂಕಡಿಸಿದಾಗಲೇ ಎತ್ತಿಬಿಟ್ಟ, ಕಳ್ಳ."

ಅನುಮಾನದ ರೋಗಕ್ಕೆ ಮದ್ದಿಲ್ಲ ನೋಡಿ. ಮಲಗಿದವನನ್ನು ಕಣ್ಣಾರೆ ನೋಡಿಯೂ ಅವನು ನಂಬಲಿಲ್ಲ.

ಅಂದಿನಿಂದ ಜಡಿಯ ಗುಡ್ಡದ ಪಕ್ಕದ, ಯಾರೂ ಬಾರದ ಕಣಿವೆಯಲ್ಲಿ ತನ್ನದೇ ಗುಂಡುಗಳನ್ನು ಇಟ್ಟುಕೊಂಡ. ಗರಡಿ ಮುಗಿದ ಮೇಲೆ ಅಲ್ಲಿ ಇನ್ನೊಂದು ಗರಡಿ. ಮಣ್ಣು ಮಲಗುವ ದಿನವೂ ಅಲ್ಲಿ ಮಣ್ಣಿಗೆ ನಿದ್ದೆಯಿಲ್ಲ. ಗುಜ್ಜ ಹತ್ತು ಎತ್ತಿದರೆ ಇವನು ಇಪ್ಪತ್ತು. ಗುಜ್ಜ ಮಲಗಿದರೆ ಇವನು ಮೂವತ್ತು.

ಮೊದಮೊದಲು ಫಲವೂ ಕಂಡಿತು, ಸುಳ್ಳು ಹೇಳಬಾರದು. ತೋಳು ಉಬ್ಬಿತು, ಕತ್ತು ದಪ್ಪವಾಯಿತು. ಹದಿನೈದು ದಿನಕ್ಕೆ ಹಿರಿಗುಂಡು ಅವನ ಎದೆಗೂ ಬಂತು. ಮೊಲಗಳು ನಿಂತು ನೋಡಿ, "ಥೇಟ್ ಅವರಪ್ಪನೇ" ಅಂದವು. ಜಡಿಯನ ಕಣ್ಣು ಮಾತ್ರ ಗುಜ್ಜನ ಮುಖದ ಮೇಲೆ. ಗುಜ್ಜನೂ "ಚೆನ್ನಾಗಿ ಎತ್ತಿದೆಯಪ್ಪ" ಅಂತ ನಕ್ಕದ್ದು ನೋಡಿ ಅವನಿಗೆ ಇನ್ನಷ್ಟು ಉರಿಯಿತು. ಇವನೂ ನನ್ನ ಮೇಲೆ ಹೊಟ್ಟೆಕಿಚ್ಚು ಪಡಬಾರದೇ, ಅಂದುಕೊಂಡ.

ಆಮೇಲೆ ಒಂದೊಂದೇ ಕೆಟ್ಟಿತು. ಮೈ ಹಣ್ಣಾಗಿದ್ದರೂ ನಿದ್ದೆ ಬರಲಿಲ್ಲ. ಮಲಗಿದರೆ ಎದೆ ಡವಡವ. ಒಣಗಿದ ಎಲೆ ಬಿದ್ದರೆ ಬೆಚ್ಚುತ್ತಿದ್ದ. ಹುತ್ತದ ಗೆದ್ದಲು ಬಾಯಿಗೆ ಬರೀ ಮಣ್ಣಿನ ಹಾಗೆ ಆಯಿತು. ಒಂದು ದಿನ ಜೇನುತಟ್ಟೆ ಹಿಡಿಯಲು ಹೋದ ಕೈ ನಡುಗಿ, ತಟ್ಟೆ ಕೆಳಗೆ ಬಿತ್ತು. ಎತ್ತಿಕೊಡಲು ಬಂದ ಅವ್ವನ ಮೇಲೆ ಗುರ್ ಅಂದ.

ಅವ್ವ ತಟ್ಟೆಯ ಮಣ್ಣು ಒರೆಸುತ್ತ, "ನಿಮ್ಮಪ್ಪ ತೂಬಿನ ಕಲ್ಲು ಎತ್ತೋ ಮುಂಚೆ ಎರಡು ದಿನ ಬರೀ ಗೊರಕೆ ಹೊಡೀತಿದ್ದ" ಅಂದಳು.

"ಅಪ್ಪನ ಕಾಲದಲ್ಲಿ ಗುಜ್ಜ ಇರ್ಲಿಲ್ಲ" ಅಂದ ಜಡಿಯ.

ಮರುದಿನ ಬಿಳಲಿಗೆ ಜೋತಾಗ ಅವನ ಎಣಿಕೆ ಇಪ್ಪತ್ತೈದಕ್ಕೆ ನಿಂತಿತು. ಎಂದಿನದು ಮೂವತ್ತೆರಡು.

ಉಡಜ್ಜಿ ಬಾಲ ನಿಲ್ಲಿಸಿ ಅವನನ್ನು ನೋಡಿದಳು. "ಮೈ ನೋಯುತ್ತಾ?"

"ಎಲ್ಲೂ ನೋವಿಲ್ಲ ಅಜ್ಜಿ. ತೋಳು ನೋಡು, ಕಲ್ಲಿನ ಹಾಗಿದೆ."

"ಅದೇ ತೊಂದರೆ. ಮಾಂಸ ದಣಿದ್ರೆ ನೋಯುತ್ತೆ, ಕೂಗಿ ಹೇಳುತ್ತೆ. ನರ ದಣಿದ್ರೆ ನೋಯಲ್ಲ. ನಿದ್ದೆ ಕದಿಯುತ್ತೆ, ಸಿಟ್ಟು ಬರಿಸುತ್ತೆ, ಕೈ ಹೇಳಿದ ಮಾತು ಕೇಳಲ್ಲ. ತೋಳು ಎತ್ತು ಇದ್ದ ಹಾಗೆ, ನರ ಮೂಗುದಾರ. ಮೂಗುದಾರ ಸವೆದ ಮೇಲೆ ಎತ್ತು ಎಷ್ಟು ಕೊಬ್ಬಿದ್ರೆ ಏನು ಬಂತು? ಹೋಗು, ಮೂರು ದಿನ ಗುಂಡಿನ ಕಡೆ ತಲೆ ಹಾಕ್ಬೇಡ."

ಅದೇ ಬೆಳಿಗ್ಗೆ ಗುಜ್ಜನ ಎಣಿಕೆಯೂ ಆರು ಕಡಿಮೆ ಬಂದಿತ್ತು. ಹಿಂದಿನ ದಿನ ಅವನಿಗೆ ಹೊಟ್ಟೆ ಸರಿಯಿರಲಿಲ್ಲ. "ಸರಿ ಅಜ್ಜಿ, ನಾಳೆ ಬರ್ತೀನಿ" ಅಂದು ಅವನು ಕೆರೆಗೆ ಹೋಗಿ ಬಿದ್ದ. ನೀರಲ್ಲಿ ಅಂಗಾತ ತೇಲುತ್ತಿದ್ದ ಅವನ ಹೊಟ್ಟೆಯನ್ನು ನೋಡಿ ಜಡಿಯ ಹಲ್ಲು ಕಡಿದ. ಇವನಿಗೆ ಒಂದು ದಿನ, ನನಗೆ ಮೂರು. ಅಜ್ಜಿಯೂ ಅವನ ಕಡೆಯೇ.

ಆ ಸಂಜೆ ಕಣಿವೆಯಲ್ಲಿ ಗುಂಡು ಎತ್ತುವಾಗ ಅವನ ಅಂಗೈ ಒಂದು ಜಾಲಿ ಮರದ ಬೊಡ್ಡೆಗೆ ತಾಗಿತು. ತಾಗಿದ ಕೈ ಬಿಡಿಸಿಕೊಳ್ಳಲು ಎರಡು ಸಲ ಎಳೆಯಬೇಕಾಯಿತು. ಬೊಡ್ಡೆಯಲ್ಲಿ ಹೊಂಬಣ್ಣದ ಅಂಟು ಜಿನುಗಿತ್ತು. ಜಡಿಯ ಅದನ್ನು ನೋಡಿದ, ಅಂಗೈ ನೋಡಿದ, ದೂರದ ಆಲದ ಮರ ನೋಡಿದ.

ಮೂರು ದಿನ ಬಿಟ್ಟು ಗರಡಿಗೆ ಬಂದಾಗ ಅವನ ಎರಡೂ ಅಂಗೈಗೆ ಜಾಲಿ ಅಂಟು ಸವರಿತ್ತು, ಮೇಲೆ ಕೆಮ್ಮಣ್ಣು ಉದುರಿಸಿತ್ತು. ಬಿಳಲು ಹಿಡಿದ. ಮೂವತ್ತು, ಮೂವತ್ತೈದು, ನಲವತ್ತು. ನಲವತ್ತಕ್ಕೆ ತಾನೇ ಕೈ ಕಿತ್ತುಕೊಂಡು ಇಳಿದ.

"ನೋಡಿದ್ಯಾ, ಮಲಗಿದ್ದಕ್ಕೆ ಎಷ್ಟು ಬಂತು" ಅಂದಳು ಉಡಜ್ಜಿ. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಜಡಿಯ ಆಚೆ ತಿರುಗಿಕೊಂಡ. ನಾಚಿಕೆ ಇನ್ನೂ ಪೂರ್ತಿ ಸತ್ತಿರಲಿಲ್ಲ.

ಆದರೆ ಅಂಟಿನ ಕೆಲಸವೇ ಅಂಥದ್ದು, ಒಂದು ದಿನಕ್ಕೆ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಅಂಟು, ದಿನಾ ನಲವತ್ತು. ಒಳಗಿನ ನಿಜವಾದ ಹಿಡಿತ ಎಷ್ಟಿದೆ ಅಂತ ಈಗ ಉಡಜ್ಜಿಗೆ ಗೊತ್ತಿಲ್ಲ, ಜಡಿಯನಿಗೂ ಗೊತ್ತಿಲ್ಲ.

ರೋಹಿಣಿ ಮಳೆಗೆ ಮೂರು ದಿನ ಇದೆ ಅನ್ನುವಾಗ ಗುಡ್ಡದ ಮೇಲೆ ಮೋಡ ಕಟ್ಟಿತು. ಏರಿಯ ಕೆಳಗಿನವರೆಲ್ಲ ಆಲದಡಿ ಸೇರಿದರು. ಕೊನೆಯ ಎಣಿಕೆ ಆಯಿತು. ಗುಜ್ಜನದು ಮೂವತ್ತಾರು. ಜಡಿಯನದು ನಲವತ್ತನಾಲ್ಕು.

ಉಡಜ್ಜಿ ಎಲ್ಲರ ಮುಂದೆ ಹೇಳಿದಳು: "ನನಗೆ ಎಣಿಕೆ ಮುಖ್ಯ, ಮುಖ ಅಲ್ಲ. ತೂಬುಗಾರ ಜಡಿಯ. ಇನ್ನು ಎರಡು ದಿನ ನೀನು ಊಟ ಮಾಡು, ಮಲಗು. ಬೇರೆ ಏನೂ ಮಾಡ್ಬೇಡ. ಗುಜ್ಜ, ನೀನೂ ಅಷ್ಟೇ. ಯಾವುದಕ್ಕೂ ಇರಲಿ."

ಮುಳ್ಳುಹಂದಿ ಮುಳ್ಳು ಮಡಚಿ ದಾರಿ ಬಿಟ್ಟಿತು. ಜಡಿಯ ಎದೆಯುಬ್ಬಿಸಿ ನಡೆದ. ಬೇಕಾದದ್ದು ಸಿಕ್ಕಿತಲ್ಲ, ಇನ್ನಾದರೂ ಮಲಗುತ್ತಾನೆ ಅಂದುಕೊಂಡಿರಾ? ಇಲ್ಲ. ಹಿಂದಿನಿಂದ ಒಂದು ಮೊಲ ಇನ್ನೊಂದಕ್ಕೆ, "ಗುಜ್ಜ ಆಗಿದ್ರೂ ನಡೀತಿತ್ತು" ಅಂದದ್ದು ಅವನ ಕಿವಿಗೆ ಬಿತ್ತು. ಅಷ್ಟೇ. ಆ ಎರಡು ದಿನವೂ ಅವನು ಕಣಿವೆಯಲ್ಲೇ ಇದ್ದ. ಸೋತವನು ಮಲಗಿದ್ದ, ಗೆದ್ದವನು ಎತ್ತುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ಸಾಧಾರಣ ಮಳೆಯಲ್ಲ. ಗುಡ್ಡದ ಬಂಡೆಗಳ ಮೇಲಿನ ನೀರೆಲ್ಲ ಒಂದೇ ಸಲ ಕೆರೆಗೆ ಇಳಿಯಿತು. ಕಣ್ಣೆದುರಿಗೇ ಕೆರೆ ಮೇಲೇರತೊಡಗಿತು. ಎಲ್ಲರೂ ತೂಬಿನ ಬಳಿ ಓಡಿದರು. ಜಡಿಯ ಅಭ್ಯಾಸಬಲದಿಂದ ಜಾಲಿ ಮರದ ಬಳಿ ನಿಂತು, ಎರಡೂ ಅಂಗೈಗೆ ಅಂಟು ಸವರಿಕೊಂಡೇ ಬಂದ.

ತೂಬಿನ ಮುಂದಿನ ಗೂಡು ಇಕ್ಕಟ್ಟು. ಒಬ್ಬರೇ ನಿಲ್ಲಬೇಕು. ಜಡಿಯ ಅಪ್ಪ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಕಾಲಿಟ್ಟ. ಅಪ್ಪನ ಹೆಜ್ಜೆಗೆ ಕಲ್ಲು ಸವೆದು ಅಲ್ಲಿ ಎರಡು ಗುಳಿ ಬಿದ್ದಿದ್ದವು. ಅವನ ಪಾದ ಅವುಗಳಲ್ಲಿ ಸರಿಯಾಗಿ ಕೂತಿತು. ಇದಕ್ಕಾಗಿಯೇ ಅವನು ಇಷ್ಟು ದಿನ ಕಾದಿದ್ದ.

ಮಂಡಿ ಬಗ್ಗಿಸಿ, ಚಪ್ಪಡಿಯ ಅಂಚು ಹಿಡಿದು ಎತ್ತಿದ. ಕಲ್ಲು ಎದ್ದಿತು.

ಉಡಜ್ಜಿ ಒತ್ತುಗಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ಸರ್ರನೆ ಕಲ್ಲಿನಡಿ ನುಗ್ಗಿದಳು. ಮೈ ಒಳಗೆ, ಬಾಲ ಹೊಸ್ತಿಲ ಮೇಲೆ. ಒಳಗೆ ಉಗುರಿನಿಂದ ಹೂಳು ಕೆರೆಯುತ್ತ, ಹೊರಗೆ ಬಾಲದಿಂದ ಹೊಸ್ತಿಲಿಗೆ ತಟ್ಟಿ ಎಣಿಸತೊಡಗಿದಳು. ಹಿಡಿದವನಿಗೆ ಇನ್ನೆಷ್ಟು ಅಂತ ಗೊತ್ತಾಗಲಿ ಅಂತ. ಒಂದು. ಎರಡು. ಮೂರು.

ಐದನೆಯ ತಟ್ಟಿಗೆ ಜಡಿಯನಿಗೆ ಅಂಗೈಯಲ್ಲಿ ಏನೋ ಜಾರಿದಂತಾಯಿತು. ಜಾಲಿ ಅಂಟು ನೀರಿನಲ್ಲಿ ಕರಗುತ್ತದೆ ಮಕ್ಕಳೇ. ಇಷ್ಟು ದಿನ ಬಿಸಿಲಿತ್ತು. ಈಗ ಮಳೆ ಅವನ ತೋಳಿನಿಂದ ಇಳಿದು, ಅಂಗೈ ತೊಳೆದು, ಬೆರಳ ಸಂದಿಯಿಂದ ಹೊಂಬಣ್ಣದ ನೀರಾಗಿ ತೊಟ್ಟಿಕ್ಕಿತು.

ಎಂಟು. ಒಂಬತ್ತು. ಈಗ ಹಿಡಿಯಬೇಕಾದದ್ದು ಅವನ ಸ್ವಂತ ಕೈ. ಹಿಡಿ, ಅಂತ ಅವನು ಕೈಗೆ ಹೇಳಿದ. ತೋಳು ಉಬ್ಬಿಯೇ ಇತ್ತು, ಭುಜ ಬಂಡೆಯ ಹಾಗೆಯೇ ಇತ್ತು. ಬೆರಳು ಮಾತ್ರ ಕೇಳಲಿಲ್ಲ. ಯಾರದೋ ಬೆರಳನ್ನು ನೋಡಿದ ಹಾಗೆ ಅವನು ತನ್ನ ಬೆರಳು ಒಂದೊಂದಾಗಿ ಬಿಚ್ಚುವುದನ್ನು ನೋಡಿದ.

"ಅಜ್ಜೀ, ಹೊರಗ್ ಬಾ" ಅಂತ ಕೂಗಿದ.

ಹನ್ನೆರಡನೆಯ ತಟ್ಟಿಗೆ ಕಲ್ಲು ಬಿತ್ತು.

ತಟ್ಟುವ ಸದ್ದು ನಿಂತಿತು. ಕಲ್ಲು ಬಿದ್ದದ್ದು ಉಡಜ್ಜಿಯ ಬಾಲದ ಮೇಲೆ. ಮೈ ಒಳಗೆ ಕತ್ತಲಲ್ಲಿ, ಹೂಳಿನ ಹಿಂದೆ ಕೆರೆಯಷ್ಟು ನೀರು. ಜಡಿಯ ಮತ್ತೆ ಕಲ್ಲಿಗೆ ಕೈ ಹಾಕಿದ. ಕೈ ಜಾರಿತು. ಮತ್ತೆ ಹಾಕಿದ. ಮತ್ತೆ ಜಾರಿತು. ಮೇಲೆ ಕೆರೆಯ ನೀರು ಏರಿಯ ಅಂಚು ಮುಟ್ಟಲು ಇನ್ನೊಂದು ಗೇಣು ಇತ್ತು, ಅಷ್ಟೇ.

"ಈಚೆಗ್ ಬಾ" ಅಂತ ಹಿಂದಿನಿಂದ ಗುಜ್ಜ ಹೇಳಿದ.

ಮಕ್ಕಳೇ, ಇಲ್ಲಿ ಒಂದು ಮಾತು ಹೇಳದಿದ್ದರೆ ಕತೆ ಸುಳ್ಳಾಗುತ್ತದೆ. ಅಜ್ಜಿ ಕಲ್ಲಿನಡಿ ಇದ್ದಾಗಲೂ, ಅಪ್ಪನ ಜಾಗ ಬಿಟ್ಟುಕೊಡಲು ಜಡಿಯನ ಕಾಲು ಒಂದು ಕ್ಷಣ ಏಳಲಿಲ್ಲ. ಹೊಟ್ಟೆಕಿಚ್ಚು ಅಷ್ಟು ಗಟ್ಟಿ. ಒಂದೇ ಕ್ಷಣ. ಆಮೇಲೆ ಅವನು ಗುಳಿಯಿಂದ ಕಾಲು ಕಿತ್ತು ಈಚೆ ಬಂದ.

ಗುಜ್ಜ ನಿಂತ. ಅವನ ಚಿಕ್ಕ ಪಾದಕ್ಕೆ ಆ ಗುಳಿ ದೊಡ್ಡದಾಯಿತು. ಮಂಡಿ ಬಗ್ಗಿಸಿದ, ಬೆನ್ನು ನೇರ ಇಟ್ಟ, ಜಡಿಯ ಹೇಳಿಕೊಟ್ಟಿದ್ದ ಹಾಗೆಯೇ. ಕಲ್ಲು ಎದ್ದಿತು. ಎದ್ದದ್ದು ನಿಂತಿತು.

ಒಳಗಿಂದ ಉಗುರು ಕೆರೆಯುವ ಸದ್ದು ಮತ್ತೆ ಶುರುವಾಯಿತು. ಉಡದ ಪಟ್ಟು, ಬಿಡಲಿಲ್ಲ ಮುದುಕಿ. ಆದರೆ ಎಣಿಸಲು ಬಾಲವಿರಲಿಲ್ಲ. ಗುಜ್ಜ ತಲೆ ತಿರುಗಿಸದೆ, "ಎಣಿಸೋ" ಅಂದ.

ಜಡಿಯ ಹೊಸ್ತಿಲ ಪಕ್ಕ ಕೂತು, ಕೈಯಿಂದ ಕಲ್ಲಿಗೆ ತಟ್ಟುತ್ತ ಎಣಿಸಿದ. ಒಂದು. ಎರಡು. ಮೂರು. ಅವನ ಜೀವನದಲ್ಲಿ ಅಷ್ಟು ನಿಧಾನದ ಎಣಿಕೆ ಇನ್ನೊಂದಿಲ್ಲ. ಮೂವತ್ತಕ್ಕೆ ಮುಗಿಯಲಿಲ್ಲ. ಮೂವತ್ತೊಂದು, ಮೂವತ್ತೆರಡು. ಗುಜ್ಜ ಹಿಡಿದೇ ಇದ್ದ. ಮೂವತ್ತೈದಕ್ಕೆ ಒಳಗೆ ಒತ್ತುಗಲ್ಲು ಟಕ್ ಅಂತ ಕೂತಿತು. ಮರುಗಳಿಗೆಗೆ ಹೂಳು ಒಡೆದು, ಕೆಸರು ನೀರು ನುಗ್ಗಿ, ಅದರ ಜೊತೆಗೇ ಉಡಜ್ಜಿ ಜಾರಿ ಹೊರಬಂದು ಬಿದ್ದಳು.

ಏರಿ ಉಳಿಯಿತು. ಗವಿ, ಬಿಲ ಎಲ್ಲ ಉಳಿಯಿತು. ಉಡಜ್ಜಿಯ ಬಾಲ ಅರ್ಧ ಹೋಯಿತು. ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಉಡಕ್ಕೆ ಬೆಳೆಯುವುದಿಲ್ಲ.

ಮಳೆ ನಿಂತ ಮೇಲೆ ಚಿಪ್ಪುಹಂದಿ ಸೊಪ್ಪು ಅರೆದು ಗಾಯಕ್ಕೆ ಕಟ್ಟಿತು. ಜಡಿಯ ದೂರದಲ್ಲಿ ನಿಂತಿದ್ದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಕಲ್ಲು ಒದ್ದೆಯಾಗಿ ಜಾರಿತು ಅಂತ ಎಲ್ಲರೂ ತಿಳಿದಿದ್ದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

ಅವನು ಹತ್ತಿರ ಬಂದು ಅಂಗೈ ಚಾಚಿದ. "ಅಂಟು ಹಚ್ಕೊಂಡಿದ್ದೆ ಅಜ್ಜಿ. ಆ ನಲವತ್ತು, ನಲವತ್ನಾಲ್ಕು ಎಲ್ಲ ಅಂಟಿನದು."

ಉಡಜ್ಜಿ ಆ ಅಂಗೈಯನ್ನು ಮೂಸಿ ನೋಡಿದಳು. "ಆ ಎಣಿಕೆ ನಂಬಿ ನಾನು ಕಲ್ಲಿನಡಿ ಹೋದೆ" ಅಂದಳು. ಅದಕ್ಕಿಂತ ದೊಡ್ಡ ಬೈಗುಳ ಜಡಿಯ ಕೇಳಿರಲಿಲ್ಲ.

"ಯಾಕೋ ಹಾಗೆ ಮಾಡ್ದೆ?"

"ಗುಜ್ಜ ನನಗಿಂತ ಮುಂದೆ ಹೋಗ್ಬಿಡ್ತಾನೆ ಅಂತ."

"ಅವನೆಲ್ಲಿಗೆ ಹೋಗಿದ್ದ? ಮಲಗಿದ್ದ" ಅಂದಳು ಉಡಜ್ಜಿ.

ಶಿಕ್ಷೆ ಏನು ಅಂತ ಎಲ್ಲರೂ ಕಾದರು. ಉಡಜ್ಜಿ ಹೇಳಿದ್ದು ಎರಡೇ ಮಾತು. ಒಂದು ತಿಂಗಳು ಜಡಿಯ ಯಾವ ಗುಂಡನ್ನೂ ಮುಟ್ಟಕೂಡದು, ಮಲಗಬೇಕು. ಮತ್ತು ದಿನಾ ಬೆಳಿಗ್ಗೆ ಗರಡಿಗೆ ಬಂದು, ಅವಳ ಬಾಲದ ಬದಲು ಒಂದು ಕೋಲಿನಿಂದ ನೆಲಕ್ಕೆ ತಟ್ಟಿ, ಗುಜ್ಜನ ಎಣಿಕೆ ಮಾಡಬೇಕು.

ಮೊದಲನೆಯದು ಸುಲಭ ಅಂದುಕೊಂಡಿರಾ? ಮೊದಲ ವಾರ ಅವನಿಗೆ ನಿದ್ದೆಯೇ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಕಲ್ಲು ಬೀಳುತ್ತಿತ್ತು. ಅವ್ವ ಪಕ್ಕದಲ್ಲಿ ಕೂತು ಬೆನ್ನು ಕೆರೆದಳು. ಎರಡನೆಯ ವಾರ ಒಂದು ಮಧ್ಯಾಹ್ನ ಮಲಗಿದವನು ಮರುದಿನ ಬಿಸಿಲೇರಿದ ಮೇಲೆ ಎದ್ದ. ಎದ್ದು ಗೆದ್ದಲು ತಿಂದರೆ ಗೆದ್ದಲಿನ ರುಚಿಯೇ ಇತ್ತು.

ಎರಡನೆಯದು ಇನ್ನೂ ಕಷ್ಟ. ಗುಜ್ಜ ಬಿಳಲಿಗೆ ಜೋತಾಡುವುದನ್ನು ನೋಡುತ್ತ, ಒಂದೂ ಬಿಡದೆ, ಒಂದೂ ನುಂಗದೆ ಎಣಿಸಬೇಕು. ಮೂವತ್ತೇಳು ಬಂದ ದಿನ ಜಡಿಯನ ಹೊಟ್ಟೆಯಲ್ಲಿ ಮತ್ತೆ ಚುರ್ ಅಂದಿತು. ಅವನು ಅದನ್ನು ಕೇಳಿಸಿಕೊಂಡ, ಸೌದೆ ಹಾಕಲಿಲ್ಲ. "ಮೂವತ್ತೇಳು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ತಿಂಗಳು ಮುಗಿದ ದಿನ ಉಡಜ್ಜಿ ಮೊಂಡು ಬಾಲ ಎಳೆದುಕೊಂಡು ಬಂದಳು. "ಇವತ್ತು ನೀನು" ಅಂದಳು.

ಜಡಿಯ ಕೆರೆಗೆ ಹೋಗಿ ಎರಡೂ ಅಂಗೈ ತಿಕ್ಕಿ ತಿಕ್ಕಿ ತೊಳೆದ. ಬಂದು ಎಲ್ಲರಿಗೂ ತೋರಿಸಿದ. ಬಿಳಲು ಹಿಡಿದ. ಗುಜ್ಜ ಕೋಲು ತಟ್ಟಿದ. ಹತ್ತು, ಹದಿನೈದು. ಹತ್ತೊಂಬತ್ತಕ್ಕೆ ಕೈ ಬಿಟ್ಟಿತು.

ಹತ್ತೊಂಬತ್ತು. ಗರಡಿಯ ಮೊದಲ ದಿನ ಬಂದದ್ದಕ್ಕಿಂತಲೂ ಕಡಿಮೆ. ಸವೆದ ಮೂಗುದಾರ ಒಂದೇ ತಿಂಗಳಿಗೆ ಗಟ್ಟಿಯಾಗುವುದಿಲ್ಲ. ಮೊಲಗಳು ಮುಖ ಮುಖ ನೋಡಿಕೊಂಡವು. ಹರಟೆಮಲ್ಲ ಕೊಂಬೆಯ ಮೇಲೆ ಕುಪ್ಪಳಿಸಿ, "ಗುಜ್ಜನದು ಮೂವತ್ತೇಳಪ್ಪಾ" ಅಂದಿತು.

"ಗೊತ್ತು, ನಾನೇ ಎಣಿಸಿದ್ದು" ಅಂದ ಜಡಿಯ.

ಆಮೇಲೆ ಉಡಜ್ಜಿಯ ಕಡೆ ತಿರುಗಿ ಕೇಳಿದ: "ನಾಳೆ ಏನು ಅಜ್ಜಿ?"

"ನಾಳೆ ಮಣ್ಣು ಮಲಗೋ ದಿನ."

"ಸರಿ ಅಜ್ಜಿ" ಅಂದು ಜಡಿಯ ಗುದ್ದಲಿಕೋಲು ತಂದ. ಅಂಕಣದ ಮಣ್ಣನ್ನು ತಾನೇ ಅಗೆದು, ನೀರು ಚಿಮುಕಿಸಿ, ಮಟ್ಟ ಮಾಡಿದ. ಮರುದಿನ ಇಡೀ ಆ ಮಣ್ಣಿನ ಮೇಲೆ ಒಂದು ಹೆಜ್ಜೆಯೂ ಬೀಳಲಿಲ್ಲ. ಹರಟೆಮಲ್ಲ ಹೋಗಿ ಕಣಿವೆಯಲ್ಲೂ ಹಣಿಕಿ ನೋಡಿ ಬಂತು. ಅಲ್ಲಿಯೂ ಯಾರೂ ಇರಲಿಲ್ಲ. ಜಡಿಯನ ಗವಿಯಿಂದ ಗೊರಕೆ ಕೇಳುತ್ತಿತ್ತು, ಥೇಟ್ ಅವರಪ್ಪನದೇ.

ನೀತಿ: ಪರರ ಬಲ ಎಣಿಸುತ್ತ ಕೂತವನಿಗೆ ನಿದ್ದೆ ಬಾರದು, ನಿದ್ದೆಯಿಲ್ಲದ ಮೈಯಲ್ಲಿ ಬಲ ನಿಲ್ಲದು.